ಟೆನಿಸ್ ವೀರ ಆರ್ಥರ್ ಆಶ್

ಆಟಗಾರನ ವೃತ್ತಿಜೀವನ ಬಹು ಅಲ್ಪಕಾಲದ್ದು. ವೈದ್ಯನೋ ಉಪಾಧ್ಯಾಯನೋ ನ್ಯಾಯವಾದಿಯೋ ತನ್ನ ಕೆಲಸದಲ್ಲಿ ನುರಿತು ಹೆಸರು ಗಳಿಸುವ ವಯಸ್ಸಿಗೆ ಆಟಗಾರನು ತನ್ನ ವೃತ್ತಿಯನ್ನೇ ಮುಗಿಸಿರುತ್ತಾನೆ. ಟೆನಿಸ್ ಆಟದಲ್ಲಂತೂ ಮೂವತ್ತೈದು ತುಂಬಿದವನನ್ನು ಮುದುಕನೆಂದೇ ಎಣಿಸುವುದುಂಟು. ಅಲ್ಲಿಂದ ಮುಂದೆ ಬಾಳಿನ ಅರ್ಧದಷ್ಟು ಭಾಗ ಉಳಿದಿರುತ್ತದೆ. ಚಪ್ಪಾಳೆಯ ಸದ್ದು ಅಡಗಿದ ಮೇಲೆ ಆತನು ಏನು ಮಾಡಬೇಕು? ಆಟವು ತಂದುಕೊಟ್ಟ ಕೀರ್ತಿಯನ್ನು ಯಾವುದಕ್ಕೆ ವಿನಿಯೋಗಿಸಬೇಕು? ಈ ಪ್ರಶ್ನೆಗೆ ತಮ್ಮ ಬಾಳಿನ ಮೂಲಕವೇ ಉತ್ತರ ಕೊಟ್ಟವರಲ್ಲಿ ಅಮೆರಿಕದ ಆರ್ಥರ್ ಆಶ್ ಅವರು ಮುಖ್ಯರು. ಅವರು ಟೆನಿಸ್ ಜಗತ್ತಿನ ಅತ್ಯುನ್ನತ ಪ್ರಶಸ್ತಿಗಳನ್ನು ಗೆದ್ದರು. ಆದರೆ ಅವರನ್ನು ಜನ ಇಂದಿಗೂ ನೆನೆಯುವುದು ಆ ಪ್ರಶಸ್ತಿಗಳಿಗಾಗಿ ಮಾತ್ರವಲ್ಲ.

ಆರ್ಥರ್ ಆಶ್ 1943ರ ಜುಲೈ 10ರಂದು ಅಮೆರಿಕ ಸಂಯುಕ್ತ ಸಂಸ್ಥಾನಗಳ ವರ್ಜೀನಿಯಾ ರಾಜ್ಯದ ರಿಚ್‌ಮಂಡ್ ನಗರದಲ್ಲಿ ಜನಿಸಿದರು. ಆ ಊರಿಗೆ ಒಂದು ಹಿನ್ನೆಲೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದುನಿಂತು ಯುದ್ಧ ಹೂಡಿದಾಗ ಅವುಗಳ ರಾಜಧಾನಿಯಾಗಿದ್ದುದು ಇದೇ ರಿಚ್‌ಮಂಡ್. ಯುದ್ಧದಲ್ಲಿ ಆ ಪಕ್ಷ ಸೋತಿತು. ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. ಆದರೆ ಅದರ ಬೇರು ಅಳಿಯಲಿಲ್ಲ. ಆಶ್ ಹುಟ್ಟಿದ ಕಾಲಕ್ಕೂ ಅಲ್ಲಿ ಬಿಳಿಯರಿಗೆ ಒಂದು ಶಾಲೆ, ಕಪ್ಪುಜನರಿಗೆ ಇನ್ನೊಂದು ಶಾಲೆ. ಬಸ್ಸಿನಲ್ಲಿ ಬಿಳಿಯರಿಗೆ ಮುಂದಿನ ಆಸನ, ಕಪ್ಪುಜನರಿಗೆ ಹಿಂದಿನ ಆಸನ. ಉದ್ಯಾನಗಳೂ ಆಟದ ಬಯಲುಗಳೂ ಇದೇ ರೀತಿ ಬೇರೆಬೇರೆಯಾಗಿದ್ದವು. ಮನುಷ್ಯನ ಯೋಗ್ಯತೆಯನ್ನು ಅವನ ಮೈಬಣ್ಣದಿಂದ ಅಳೆಯುವ ಈ ವ್ಯವಸ್ಥೆಯಲ್ಲಿ ಬಾಲಕ ಆರ್ಥರ್ ಬೆಳೆಯಬೇಕಾಯಿತು.

ಆರ್ಥರನ ತಂದೆ ಕಪ್ಪುಜನರಿಗಾಗಿ ಮೀಸಲಾಗಿದ್ದ ಬ್ರೂಕ್‌ಫೀಲ್ಡ್ ಎಂಬ ಕ್ರೀಡಾಂಗಣದ ಕಾವಲುಗಾರನಾಗಿದ್ದರು. ಸಂಸಾರಕ್ಕೆ ಆ ಅಂಗಳದೊಳಗೇ ಒಂದು ಮನೆ ದೊರೆತಿತ್ತು. ಮನೆಯ ಬಾಗಿಲು ತೆರೆದರೆ ಎದುರಿಗೆ ಟೆನಿಸ್ ಅಂಕಣ! ಹೀಗಾಗಿ ಶ್ರೀಮಂತ ಬಿಳಿಯರ ಆಟವೆಂದು ಹೆಸರಾಗಿದ್ದ ಟೆನಿಸ್, ಒಬ್ಬ ಬಡ ಕಾವಲುಗಾರನ ಮಗನಿಗೆ ಅಂಗಳದ ಆಟವಾಯಿತು. ಹುಡುಗನಿಗೆ ಇನ್ನೂ ಏಳು ವರ್ಷ ತುಂಬಿರಲಿಲ್ಲ. 1950ರಲ್ಲಿ ತಾಯಿ ತೀರಿಕೊಂಡಳು. ಹುಡುಗ ಒಳಗೊಳಗೇ ಮೌನಿಯಾದನು. ಪುಸ್ತಕ ಮತ್ತು ಟೆನಿಸ್ ಅವನ ಸಂಗಾತಿಗಳಾದವು. ತಂದೆ ಪ್ರೀತಿಯಿದ್ದವರು, ಆದರೆ ಶಿಸ್ತಿನಲ್ಲಿ ಕಟ್ಟುನಿಟ್ಟು. ಶಾಲೆಯಿಂದ ಮನೆಗೆ ನಡೆದುಬರಲು ಎಷ್ಟು ನಿಮಿಷ ಬೇಕೆಂಬುದನ್ನು ಮಗನ ಜೊತೆಯಲ್ಲಿ ತಾವೇ ನಡೆದು ನೋಡಿ, ಅಷ್ಟೇ ಹೊತ್ತಿಗೆ ಅವನು ಮನೆ ಸೇರಬೇಕೆಂದು ವಿಧಿಸಿದ್ದರು. ಒಳ್ಳೆಯ ಹೆಸರನ್ನು ಕಳೆದುಕೊಳ್ಳುವುದು ಸುಲಭ, ಮರಳಿ ಗಳಿಸುವುದು ಕಷ್ಟ ಎಂಬುದು ಅವರು ಮಗನಿಗೆ ಕಲಿಸಿದ ಮೊದಲ ಪಾಠ.

ಬ್ರೂಕ್‌ಫೀಲ್ಡಿನಲ್ಲಿ ಆಡಲು ಬರುತ್ತಿದ್ದ ರಾನ್ ಚಾರಿಟಿ ಎಂಬ ಕಾಲೇಜು ತರುಣನು ಹುಡುಗನ ಆಸಕ್ತಿಯನ್ನು ಕಂಡು ಅವನಿಗೆ ಆಟದ ಮೊದಲ ಪಾಠಗಳನ್ನು ಹೇಳಿಕೊಟ್ಟನು. ಅನಂತರ ಅವನನ್ನು ಲಿಂಚ್‌ಬರ್ಗ್ ಪಟ್ಟಣದ ಡಾಕ್ಟರ್ ರಾಬರ್ಟ್ ವಾಲ್ಟರ್ ಜಾನ್ಸನ್ ಅವರ ಬಳಿಗೆ ಕಳುಹಿಸಿದನು. ಜಾನ್ಸನ್ ವೃತ್ತಿಯಿಂದ ವೈದ್ಯರು. ಕಪ್ಪು ಬಾಲಕ ಬಾಲಕಿಯರಿಗೆ ಟೆನಿಸ್ ಕಲಿಸುವುದು ಅವರು ಕೈಗೊಂಡಿದ್ದ ವ್ರತ. 1957 ಮತ್ತು 1958ರಲ್ಲಿ ವಿಂಬಲ್ಡನ್ ಮಹಿಳಾ ಪ್ರಶಸ್ತಿಯನ್ನು ಗೆದ್ದ ಆಲ್ತಿಯಾ ಗಿಬ್ಸನ್ ಅವರ ಏಳಿಗೆಯಲ್ಲೂ ಜಾನ್ಸನ್ ಅವರ ಪಾತ್ರ ದೊಡ್ಡದು. 1953ರಿಂದ ಹಲವು ವರ್ಷ ಬೇಸಗೆಯ ರಜೆಯನ್ನು ಆರ್ಥರ್ ಅವರ ಮನೆಯಲ್ಲಿಯೇ ಕಳೆದನು.

ಜಾನ್ಸನ್ ಅವರ ಶಿಕ್ಷಣದಲ್ಲಿ ಹೊಡೆತಗಳಿಗೆ ಎಷ್ಟು ಬೆಲೆಯೋ ನಡತೆಗೂ ಅಷ್ಟೇ ಬೆಲೆ. ಎದುರಾಳಿ ಹೊಡೆದ ಚೆಂಡು ಗೆರೆಯಿಂದ ಎರಡು ಅಂಗುಲ ಹೊರಗೆ ಬಿದ್ದರೂ ಅದನ್ನು ಒಳಗೆ ಬಿದ್ದುದೆಂದೇ ತಿಳಿದು ಆಡಬೇಕು; ತೀರ್ಪುಗಾರನೊಡನೆ ವಾದಿಸಬಾರದು; ಬದಿ ಬದಲಾಯಿಸುವಾಗ ಚೆಂಡನ್ನು ಎತ್ತಿ ಎದುರಾಳಿಯ ಕೈಗೆ ಕೊಡಬೇಕು. ಇದು ಕೇವಲ ಸೌಜನ್ಯದ ಪಾಠವಾಗಿರಲಿಲ್ಲ. ಬಿಳಿಯರ ಪಂದ್ಯಾವಳಿಗಳಲ್ಲಿ ಕಪ್ಪು ಬಾಲಕನನ್ನು ಹೊರಹಾಕಲು ನೆಪವೊಂದು ಸಿಕ್ಕಿದರೆ ಸಾಕು ಎಂದು ಕಾದು ಕುಳಿತವರಿದ್ದರು. ಒಂದು ಸಿಡುಕು, ಒಂದು ಒರಟು ಮಾತು ಆ ನೆಪವಾಗಿಬಿಡಬಹುದು. ಅಂಥ ನೆಪವನ್ನು ಎಂದಿಗೂ ಕೊಡಬಾರದೆಂಬುದು ಗುರುವಿನ ಉಪಾಯ. ಆಶ್ ಅವರ ಮುಖದಲ್ಲಿ ಜೀವನವಿಡೀ ನೆಲೆಸಿದ್ದ ಶಾಂತಿ ಹುಟ್ಟಿನಿಂದ ಬಂದದ್ದಷ್ಟೇ ಅಲ್ಲ. ಅವಮಾನವನ್ನು ನುಂಗಿ ಕಲಿತುಕೊಂಡ ಸಂಯಮವೂ ಹೌದು.

ಆದರೂ ರಿಚ್‌ಮಂಡ್ ನಗರದಲ್ಲಿ ಅವನ ಬೆಳವಣಿಗೆಗೆ ಎಡೆ ಸಾಲದಾಯಿತು. ಅಲ್ಲಿನ ಬರ್ಡ್ ಪಾರ್ಕಿನ ಒಳ್ಳೆಯ ಅಂಕಣಗಳು ಬಿಳಿಯರಿಗೆ ಮೀಸಲು. ಚಳಿಗಾಲದಲ್ಲಿ ಆಡಲು ಬೇಕಾದ ಒಳಾಂಗಣಗಳೂ ಅವರಿಗೇ ಮೀಸಲು. ಕಡೆಗೆ 1960ರಲ್ಲಿ, ಪ್ರೌಢಶಾಲೆಯ ಕೊನೆಯ ವರ್ಷದಲ್ಲಿ, ಹುಡುಗ ಮನೆಯನ್ನೂ ತಮ್ಮನನ್ನೂ ಬಿಟ್ಟು ದೂರದ ಸೇಂಟ್ ಲೂಯಿಸ್ ನಗರಕ್ಕೆ ತೆರಳಬೇಕಾಯಿತು. ಅಲ್ಲಿನ ಅಭ್ಯಾಸ ಫಲಿಸಿತು. ಮರುವರ್ಷ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ಟೆನಿಸ್ ವಿದ್ಯಾರ್ಥಿವೇತನ ಕೊಟ್ಟು ಅವನನ್ನು ಸೇರಿಸಿಕೊಂಡಿತು. 1963ರಲ್ಲಿ ಆಶ್ ಅಮೆರಿಕದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಮೊದಲನೆಯ ಕಪ್ಪು ಆಟಗಾರರೆನಿಸಿದರು. 1965ರಲ್ಲಿ ಅಂತರ ಕಾಲೇಜು ಪ್ರಶಸ್ತಿ ಗೆದ್ದರು. 1966ರಲ್ಲಿ ವಾಣಿಜ್ಯಾಡಳಿತದಲ್ಲಿ ಪದವಿ ಪಡೆದರು. ಅವರ ಪಾಲಿಗೆ ಪದವಿಯೂ ಪ್ರಶಸ್ತಿಯಷ್ಟೇ ಮುಖ್ಯವಾಗಿತ್ತು. ತರುವಾಯ ಎರಡು ವರ್ಷಕ್ಕೂ ಮೇಲ್ಪಟ್ಟು ಸೈನ್ಯದಲ್ಲಿ ಅಧಿಕಾರಿಯಾಗಿ ಸೇವೆ ಸಲ್ಲಿಸಿದರು.

ಆ ಕಾಲದಲ್ಲಿ ಟೆನಿಸ್ ಲೋಕದಲ್ಲಿ ಇನ್ನೊಂದು ಬಗೆಯ ವಿಭಜನೆ ಇತ್ತು. ಹಣಕ್ಕಾಗಿ ಆಡುವವರನ್ನು ವೃತ್ತಿಪರರೆಂದೂ ಹಣ ಪಡೆಯದೆ ಆಡುವವರನ್ನು ಹವ್ಯಾಸಿಗಳೆಂದೂ ಕರೆಯುತ್ತಿದ್ದರು. ವಿಂಬಲ್ಡನ್ ಮೊದಲಾದ ಮಹಾ ಪಂದ್ಯಾವಳಿಗಳಲ್ಲಿ ಹವ್ಯಾಸಿಗಳಿಗೆ ಮಾತ್ರ ಪ್ರವೇಶವಿತ್ತು. ಎಷ್ಟೇ ಶ್ರೇಷ್ಠ ಆಟಗಾರನಾದರೂ ವೃತ್ತಿಪರನಾದೊಡನೆ ಆ ಬಾಗಿಲುಗಳು ಅವನಿಗೆ ಮುಚ್ಚುತ್ತಿದ್ದವು. 1968ರಲ್ಲಿ ಈ ನಿಯಮ ಸಡಿಲಗೊಂಡು ಇಬ್ಬರೂ ಒಂದೇ ಪಂದ್ಯಾವಳಿಯಲ್ಲಿ ಸ್ಪರ್ಧಿಸಬಹುದೆಂದಾಯಿತು. ಟೆನಿಸ್ ಇತಿಹಾಸದಲ್ಲಿ ಇದನ್ನು ಮುಕ್ತಯುಗದ ಆರಂಭವೆನ್ನುತ್ತಾರೆ.

ಮುಕ್ತಯುಗದ ಮೊದಲನೆಯ ಅಮೆರಿಕನ್ ಪಂದ್ಯಾವಳಿಯನ್ನು ಗೆದ್ದವರು ಆರ್ಥರ್ ಆಶ್. 1968ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅವರು ಹಾಲೆಂಡಿನ ಟಾಮ್ ಓಕರ್ ಅವರನ್ನು 14-12, 5-7, 6-3, 3-6, 6-3ರಿಂದ ಸೋಲಿಸಿದರು. ಅದೇ ವರ್ಷ ಹವ್ಯಾಸಿಗಳ ರಾಷ್ಟ್ರೀಯ ಪ್ರಶಸ್ತಿಯನ್ನೂ ಅವರು ಗೆದ್ದಿದ್ದರು. ಆಗಿನ್ನೂ ಸೈನ್ಯದಲ್ಲಿದ್ದ ಆಶ್ ಹವ್ಯಾಸಿಯಾಗಿಯೇ ಉಳಿದಿದ್ದರು. ಆದುದರಿಂದ ವಿಜೇತನಿಗೆ ಸಲ್ಲಬೇಕಾದ 14,000 ಡಾಲರು ಬಹುಮಾನ ಸೋತ ಓಕರ್ ಅವರ ಪಾಲಾಯಿತು. ಗೆದ್ದ ಆಶ್ ಅವರಿಗೆ ದೊರೆತದ್ದು ದಿನಕ್ಕೆ 20 ಡಾಲರಿನಂತೆ ಊಟ ವಸತಿಯ ಭತ್ಯೆ ಮಾತ್ರ! ಬಹುಮಾನ ವಿತರಣೆಯ ವೇಳೆ ಮಗನ ಬಳಿ ನಿಂತಿದ್ದ ಆ ಕಾವಲುಗಾರ ತಂದೆಯ ಕಣ್ಣುಗಳು ತುಂಬಿಬಂದವು. ಆ ಕಣ್ಣೀರಿನ ಮುಂದೆ ಡಾಲರುಗಳ ಲೆಕ್ಕ ಅಲ್ಪವಾಗಿತ್ತು.

ಸೈನ್ಯದಿಂದ ಬಿಡುಗಡೆ ಹೊಂದಿದ ಅನಂತರ ಆಶ್ ವೃತ್ತಿಪರ ಆಟಗಾರರಾದರು. 1970ರಲ್ಲಿ ಆಸ್ಟ್ರೇಲಿಯದ ಪ್ರಶಸ್ತಿ ಅವರದಾಯಿತು. 1971ರಲ್ಲಿ ಫ್ರಾನ್ಸಿನಲ್ಲಿಯೂ 1977ರಲ್ಲಿ ಆಸ್ಟ್ರೇಲಿಯದಲ್ಲಿಯೂ ಡಬಲ್ಸ್ ಪ್ರಶಸ್ತಿಗಳನ್ನು ಗೆದ್ದರು. ಗೆಲುವಿನ ನಡುವೆ ಸಹ ಆಟಗಾರರ ಹಿತವನ್ನು ಅವರು ಮರೆಯಲಿಲ್ಲ. ಆಟಗಾರರ ಭವಿಷ್ಯವನ್ನು ಆಡಳಿತ ಮಂಡಳಿಗಳೇ ತಮಗೆ ತೋಚಿದಂತೆ ನಿರ್ಧರಿಸುತ್ತಿದ್ದ ಕಾಲ ಅದು. 1972ರಲ್ಲಿ ವೃತ್ತಿಪರ ಆಟಗಾರರು ತಮ್ಮದೇ ಸಂಘವನ್ನು ಕಟ್ಟಿಕೊಂಡಾಗ ಅದರ ಸ್ಥಾಪಕರಲ್ಲಿ ಆಶ್ ಒಬ್ಬರಾಗಿದ್ದರು; ಮುಂದೆ 1974ರಲ್ಲಿ ಅದರ ಅಧ್ಯಕ್ಷರೂ ಆದರು. 1973ರಲ್ಲಿ ಯುಗೊಸ್ಲಾವಿಯದ ಪಿಲಿಚ್ ಎಂಬ ಆಟಗಾರನನ್ನು ಅಮಾನತಿನಲ್ಲಿಟ್ಟುದನ್ನು ಪ್ರತಿಭಟಿಸಿ ಎಂಬತ್ತರಷ್ಟು ಆಟಗಾರರು ವಿಂಬಲ್ಡನ್ ಪಂದ್ಯಾವಳಿಯನ್ನೇ ಬಹಿಷ್ಕರಿಸಿದರು. ಆಶ್ ಆ ಬಹಿಷ್ಕಾರದಲ್ಲಿ ಪಾಲ್ಗೊಂಡರು. ಆಡುವ ವಯಸ್ಸು ಕಳೆಯುತ್ತಿದ್ದ ಆಟಗಾರನಿಗೆ ಒಂದು ವಿಂಬಲ್ಡನ್ ಅವಕಾಶವನ್ನು ಬಿಟ್ಟುಕೊಡುವುದು ಸಣ್ಣ ತ್ಯಾಗವಲ್ಲ. ಬಡ ಮಕ್ಕಳಿಗೂ ಈ ಆಟ ದೊರೆಯಲೆಂದು 1969ರಲ್ಲಿ ಗೆಳೆಯರೊಡನೆ ಅವರು ಆರಂಭಿಸಿದ ರಾಷ್ಟ್ರೀಯ ಕಿರಿಯರ ಟೆನಿಸ್ ಸಂಘಟನೆಯೂ ಇದೇ ಮನೋಧರ್ಮದ ಫಲ.

ಇದೇ ವರ್ಷಗಳಲ್ಲಿ ಅವರ ಗಮನ ದಕ್ಷಿಣ ಆಫ್ರಿಕದ ಕಡೆಗೆ ಹರಿಯಿತು. ಅಲ್ಲಿ ಅಲ್ಪಸಂಖ್ಯಾತರಾದ ಬಿಳಿಯರು ಬಹುಸಂಖ್ಯಾತರಾದ ಕಪ್ಪುಜನರನ್ನು ವರ್ಣಭೇದ ನೀತಿಯಿಂದ ಆಳುತ್ತಿದ್ದರು. ಆ ದೇಶದ ಪಂದ್ಯಾವಳಿಯಲ್ಲಿ ಆಡಲು ಆಶ್ ಪ್ರವೇಶಪತ್ರ ಕೇಳಿದರೆ ಅಲ್ಲಿನ ಸರ್ಕಾರ 1969 ಮತ್ತು 1970ರಲ್ಲಿ ನಿರಾಕರಿಸಿತು. ಆಶ್ ಈ ಅನ್ಯಾಯವನ್ನು ಜಗತ್ತಿನ ಮುಂದಿಟ್ಟರು. 1970ರಲ್ಲಿ ದಕ್ಷಿಣ ಆಫ್ರಿಕ ಡೇವಿಸ್ ಕಪ್ ಸ್ಪರ್ಧೆಯಿಂದ ಹೊರದೂಡಲ್ಪಟ್ಟಿತು. ಕೊನೆಗೆ 1973ರಲ್ಲಿ ಅನುಮತಿ ದೊರೆಯಿತು. ಪ್ರೇಕ್ಷಕರನ್ನು ಬಣ್ಣದ ಆಧಾರದ ಮೇಲೆ ಬೇರೆಬೇರೆ ಕೂರಿಸಬಾರದು ಎಂಬ ಷರತ್ತು ಹಾಕಿ ಆಶ್ ಜೊಹಾನೆಸ್‌ಬರ್ಗಿಗೆ ಹೋದರು. ಸಿಂಗಲ್ಸ್‌ನ ಅಂತಿಮ ಪಂದ್ಯದಲ್ಲಿ ಸೋತರೂ ಓಕರ್ ಅವರೊಡಗೂಡಿ ಡಬಲ್ಸ್ ಪ್ರಶಸ್ತಿ ಗೆದ್ದರು.

ಈ ಪ್ರವಾಸವನ್ನು ಎಲ್ಲರೂ ಮೆಚ್ಚಲಿಲ್ಲ. ಅನ್ಯಾಯದ ಸರ್ಕಾರಕ್ಕೆ ಇದರಿಂದ ಗೌರವ ಬಂದಂತಾಗುತ್ತದೆ ಎಂದು ಕಪ್ಪುಜನರಲ್ಲಿಯೇ ಅನೇಕರು ಆಕ್ಷೇಪಿಸಿದರು. ಸ್ವತಂತ್ರನಾದ ಕಪ್ಪು ಮನುಷ್ಯನೊಬ್ಬನನ್ನು ಕಣ್ಣಾರೆ ಕಾಣುವುದೇ ಅಲ್ಲಿನ ಮಕ್ಕಳಿಗೆ ಒಂದು ಪಾಠ ಎಂಬುದು ಆಶ್ ಅವರ ನಿಲುವು. ಆ ಮಾತು ಪೂರಾ ಹುಸಿಯಾಗಲಿಲ್ಲ. ಅಂದು ಅವರ ಆಟವನ್ನು ನೋಡಿದ ಮಾರ್ಕ್ ಮತಬಾನೆ ಎಂಬ ಬಡ ಹುಡುಗ ಮುಂದೆ ಟೆನಿಸ್ ಆಟದ ಮೂಲಕವೇ ಅಮೆರಿಕಕ್ಕೆ ಹೋಗಿ ಓದಿ, ತನ್ನ ನಾಡಿನ ಸ್ಥಿತಿಯನ್ನು ಕುರಿತು ಹೆಸರುವಾಸಿಯಾದ ಪುಸ್ತಕ ಬರೆದನು. ಆದರೂ ವರ್ಷಗಳು ಕಳೆದಂತೆ ಸಂಪರ್ಕವೊಂದರಿಂದಲೇ ಆ ಸರ್ಕಾರದ ಮನಸ್ಸು ಕರಗದೆಂಬುದನ್ನು ಆಶ್ ಕಂಡುಕೊಂಡರು. ಪೂರ್ಣ ಬಹಿಷ್ಕಾರವನ್ನು ಬೆಂಬಲಿಸಿದರು. 1985ರಲ್ಲಿ ವಾಷಿಂಗ್ಟನ್ನಿನ ದಕ್ಷಿಣ ಆಫ್ರಿಕ ರಾಯಭಾರ ಕಚೇರಿಯ ಮುಂದೆ ಪ್ರತಿಭಟಿಸಿ ಬಂಧನಕ್ಕೊಳಗಾದರು. 1990ರಲ್ಲಿ ಸೆರೆಯಿಂದ ಹೊರಬಂದ ನೆಲ್ಸನ್ ಮಂಡೇಲ ಅವರು ನ್ಯೂಯಾರ್ಕಿಗೆ ಬಂದಾಗ ಆಶ್ ಅವರನ್ನು ಭೇಟಿಯಾದರು.

ಆಟಗಾರನಾಗಿ ಆಶ್ ಅವರ ಕೀರ್ತಿ ಶಿಖರವನ್ನು ಮುಟ್ಟಿದ್ದು 1975ರ ಜುಲೈ 5ರಂದು. ಅಂದು ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಅವರಿಗೆ ಎದುರಾಗಿದ್ದವರು ಜಿಮ್ಮಿ ಕಾನರ್ಸ್. ಕಾನರ್ಸ್ ಅವರಿಗೆ ಇಪ್ಪತ್ತೆರಡು ವರ್ಷ. ಹಿಂದಿನ ವರ್ಷ ಆಸ್ಟ್ರೇಲಿಯ, ವಿಂಬಲ್ಡನ್, ಅಮೆರಿಕ, ಮೂರು ಪ್ರಶಸ್ತಿಗಳನ್ನೂ ಗೆದ್ದ ವೀರ. ಆಶ್ ಅವರಿಗೆ ಮೂವತ್ತೆರಡು ತುಂಬಲು ಐದೇ ದಿನ ಬಾಕಿ. ಆಶ್ ಗೆಲ್ಲುವರೆಂದು ನಂಬಿದವರು ವಿರಳ.

ಅಂದಿನ ಗೆಲುವು ತೋಳಿನ ಬಲಕ್ಕಿಂತ ಬುದ್ಧಿಬಲದ ಗೆಲುವು. ಕಾನರ್ಸ್ ಅವರ ಶಕ್ತಿಯ ಗುಟ್ಟೆಂದರೆ ಎದುರಾಳಿಯ ವೇಗವನ್ನೇ ಬಳಸಿಕೊಳ್ಳುವುದು. ಚೆಂಡು ಎಷ್ಟು ರಭಸದಿಂದ ಬಂದರೆ ಅದಕ್ಕಿಂತ ಹೆಚ್ಚಿನ ರಭಸದಿಂದ ಅದನ್ನು ಅವರು ಹಿಂದಿರುಗಿಸುತ್ತಿದ್ದರು. ಆಶ್ ಕೂಡ ಬಿರುಸಿನ ಹೊಡೆತಗಳಿಗೆ ಹೆಸರಾದವರೇ. ತಮಗೆ ರೂಢಿಯಾದಂತೆ ಆಡಿದ್ದರೆ ಕಾನರ್ಸ್ ಅವರ ಕೈಗೆ ತಾವೇ ಆಯುಧ ಕೊಟ್ಟಂತಾಗುತ್ತಿತ್ತು. ಆದುದರಿಂದ ಅವರು ಗೆಳೆಯರೊಡನೆ ಆಲೋಚಿಸಿ ತಮ್ಮ ರೂಢಿಯನ್ನೇ ತೊರೆದರು. ವೇಗವಿಲ್ಲದ ಮೆದು ಚೆಂಡುಗಳನ್ನು ಕಾನರ್ಸ್ ಅವರ ಮುಂಗೈ ಬದಿಗೆ ತಗ್ಗಾಗಿ ಕಳುಹಿಸಿದರು. ಎಡಗೈ ಆಟಗಾರರಾದ ಕಾನರ್ಸ್ ಹಿಂಗೈ ಹೊಡೆತಕ್ಕೆ ಎರಡೂ ಕೈಗಳನ್ನು ಬಳಸುತ್ತಿದ್ದುದರಿಂದ ಅವರ ಕೈಚಾಚು ಕಡಿಮೆ. ಇದನ್ನು ಗಮನಿಸಿ ಆಶ್ ತಮ್ಮ ಸರ್ವ್‌ಗಳನ್ನು ಆ ಬದಿಗೆ ಹೊರಕ್ಕೆ ಬಾಗುವಂತೆ ಹೊಡೆದರು. ಕಾನರ್ಸ್ ಬಲೆಯ ಬಳಿಗೆ ಧಾವಿಸಿದರೆ ಚೆಂಡನ್ನು ಅವರ ತಲೆಯ ಮೇಲಿಂದ ತೇಲಿಸಿದರು. ಬದಿ ಬದಲಾಯಿಸುವ ವಿರಾಮದಲ್ಲಿ ಕಣ್ಣು ಮುಚ್ಚಿ ಧ್ಯಾನಸ್ಥರಂತೆ ಕುಳಿತರು. ಮೊದಲ ಎರಡು ಸೆಟ್ಟುಗಳು 6-1, 6-1ರಿಂದ ಆಶ್ ಅವರವಾದವು. ಮೂರನೆಯದನ್ನು ಕಾನರ್ಸ್ 7-5ರಿಂದ ಗೆದ್ದರು. ನಾಲ್ಕನೆಯದರಲ್ಲಿ 3-0ರಿಂದ ಮುಂದಾದರು. ಪಂದ್ಯ ಕೈಜಾರಿತೆಂದು ನೋಡುಗರು ತಿಳಿದರು. ಆದರೆ ಆಶ್ ವಿಚಲಿತರಾಗದೆ ತಮ್ಮ ಯೋಜನೆಗೇ ಅಂಟಿಕೊಂಡು ಆ ಸೆಟ್ಟನ್ನು 6-4ರಿಂದ ಗೆದ್ದರು. ವಿಂಬಲ್ಡನ್ ಪುರುಷರ ಸಿಂಗಲ್ಸ್ ಪ್ರಶಸ್ತಿ ಮೊದಲ ಬಾರಿಗೆ ಕಪ್ಪು ಆಟಗಾರನೊಬ್ಬನ ಕೈ ಸೇರಿತು.

1977ರ ಫೆಬ್ರವರಿಯಲ್ಲಿ ಆಶ್ ಅವರು ಛಾಯಾಚಿತ್ರ ಕಲಾವಿದೆ ಜೀನ್ ಮುಟುಸಾಮಿ ಅವರನ್ನು ವರಿಸಿದರು. ಈ ಹೆಸರು ನಮ್ಮ ಕಿವಿಗೆ ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ಜೀನ್ ಅವರ ತಂದೆಯ ಕಡೆಯ ಹಿರಿಯರು ಭಾರತೀಯ ಮೂಲದವರು. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ನೆಲೆಸಿದ್ದರು. ತಮಿಳಿನ ‘ಮುತ್ತುಸಾಮಿ’ಯೇ ಅಲ್ಲಿ ಈ ರೂಪ ತಾಳಿದೆ.

ಅದೇ ತಿಂಗಳು ಆಶ್ ಅವರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಕಪ್ಪು ತಂದೆತಾಯಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ನಿಮ್ಮ ಮಕ್ಕಳನ್ನು ಗ್ರಂಥಾಲಯಕ್ಕೆ ಕಳುಹಿಸಿ ಎಂಬುದು ಅದರ ತಾತ್ಪರ್ಯ. ಕ್ರೀಡೆಯಲ್ಲಿ ಹೊಟ್ಟೆ ಹೊರೆಯುವಷ್ಟು ಯಶಸ್ಸು ಸಾವಿರಾರು ಮಂದಿಯಲ್ಲಿ ಒಬ್ಬಿಬ್ಬರಿಗೆ ದೊರೆಯಬಹುದು, ಉಳಿದವರ ಗತಿಯೇನು? ಆದುದರಿಂದ ಆಟದ ಬಯಲಿನಲ್ಲಿ ಒಂದು ಗಂಟೆ ಕಳೆದ ಮಗು ಪುಸ್ತಕಗಳ ನಡುವೆ ಎರಡು ಗಂಟೆ ಕಳೆಯಲಿ ಎಂದು ಅವರು ಸೂಚಿಸಿದರು. ಆಟದಿಂದಲೇ ಮೇಲೆ ಬಂದವನು ಆಟವೊಂದನ್ನೇ ನಂಬಬೇಡಿ ಎಂದು ಹೇಳುವುದಕ್ಕೆ ಧೈರ್ಯ ಬೇಕು.

ಆಶ್ ಅವರ ವಂಶದಲ್ಲಿ ಹೃದಯದ ಕಾಯಿಲೆಯಿತ್ತು. 1979ರ ಜುಲೈಯಲ್ಲಿ, ಇನ್ನೂ ಆಡುತ್ತಿದ್ದಾಗಲೇ, ಅವರಿಗೆ ಹೃದಯಾಘಾತವಾಯಿತು. ಅವರು ಧೂಮಪಾನಿಯಲ್ಲ, ಸ್ಥೂಲಕಾಯರೂ ಅಲ್ಲ. ನಿತ್ಯ ವ್ಯಾಯಾಮ ಮಾಡುವ ಮೂವತ್ತಾರು ವರ್ಷದ ಕ್ರೀಡಾಪಟುವಿಗೆ ಹೀಗಾದುದು ಜನರನ್ನು ಚಕಿತಗೊಳಿಸಿತು. ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಮತ್ತೆ ಆಡುವ ಆಸೆಯಿಂದ ಅಭ್ಯಾಸ ಆರಂಭಿಸಿದರು. ಆದರೆ 1980ರ ಮಾರ್ಚಿಯಲ್ಲಿ ಕೈರೋ ನಗರದಲ್ಲಿ ಓಡುತ್ತಿದ್ದಾಗ ಎದೆನೋವು ಮರುಕಳಿಸಿತು. ಏಪ್ರಿಲಿನಲ್ಲಿ ಅವರು ಆಟದಿಂದ ನಿವೃತ್ತರಾದರು.

ನಿವೃತ್ತಿ ಅವರಿಗೆ ವಿಶ್ರಾಂತಿಯಾಗಲಿಲ್ಲ. 1981ರಿಂದ 1985ರವರೆಗೆ ಅಮೆರಿಕದ ಡೇವಿಸ್ ಕಪ್ ತಂಡದ ನಾಯಕರಾಗಿ, ತಾವು ಆಡದೆ ಇತರರನ್ನು ಆಡಿಸಿ, 1981 ಮತ್ತು 1982ರಲ್ಲಿ ಕಪ್ ಗೆಲ್ಲಿಸಿಕೊಟ್ಟರು. ಹೃದ್ರೋಗದ ಬಗ್ಗೆ ಜನರಿಗೆ ತಿಳಿವಳಿಕೆ ನೀಡುವ ಕಾರ್ಯದಲ್ಲಿ ತೊಡಗಿದರು. ಫ್ಲಾರಿಡಾದ ಕಾಲೇಜೊಂದರಲ್ಲಿ ಕಪ್ಪು ಕ್ರೀಡಾಪಟುಗಳನ್ನು ಕುರಿತು ಪಾಠ ಹೇಳಲು ಒಪ್ಪಿಕೊಂಡಾಗ ಅವರಿಗೊಂದು ಸಂಗತಿ ಗೋಚರಿಸಿತು. ಆ ವಿಷಯದ ಮೇಲೆ ಸಮಗ್ರವಾದ ಗ್ರಂಥವೇ ಇರಲಿಲ್ಲ. ದಾಖಲೆಯಿಲ್ಲದಿದ್ದರೆ ಸಾಧನೆಯೂ ಮರೆತುಹೋಗುತ್ತದೆ. ಇಲ್ಲದ ಪುಸ್ತಕವನ್ನು ತಾವೇ ಬರೆಯಲು ನಿಶ್ಚಯಿಸಿದ ಆಶ್, ಸಹಾಯಕರನ್ನು ನೇಮಿಸಿಕೊಂಡು, ಸ್ವಂತ ಹಣ ಸುರಿದು, ಹಳೆಯ ಪತ್ರಿಕೆಗಳನ್ನೂ ದಾಖಲೆಗಳನ್ನೂ ಹಲವು ವರ್ಷ ಜಾಲಾಡಿದರು. ಕಪ್ಪುಜನರು ಅಮೆರಿಕದ ನೆಲವನ್ನು ಮೆಟ್ಟಿದ 1619ರಿಂದ ಆರಂಭವಾಗುವ ಆ ಇತಿಹಾಸ 1988ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಅದರ ಹೆಸರು ‘ಕೀರ್ತಿಗೆ ಕಠಿಣ ಹಾದಿ’ ಎಂಬ ಅರ್ಥ ಕೊಡುತ್ತದೆ.

ಗ್ರಂಥ ಹೊರಬಂದ ವರ್ಷವೇ ಮತ್ತೊಂದು ಆಘಾತ ಕಾದಿತ್ತು. 1988ರ ಸೆಪ್ಟೆಂಬರಿನಲ್ಲಿ ಅವರ ಬಲಗೈ ಸ್ವಾಧೀನ ತಪ್ಪಿತು. ವೈದ್ಯರು ಮಿದುಳಿನ ಶಸ್ತ್ರಚಿಕಿತ್ಸೆ ನಡೆಸಿ ಪರೀಕ್ಷಿಸಿದಾಗ ಅವರಿಗೆ ಏಡ್ಸ್ ರೋಗ ತಗುಲಿರುವುದು ತಿಳಿದುಬಂದಿತು. 1983ರಲ್ಲಿ ಎರಡನೆಯ ಹೃದಯ ಶಸ್ತ್ರಚಿಕಿತ್ಸೆಯಾದಾಗ ಬಲ ಬರಲೆಂದು ಅವರಿಗೆ ರಕ್ತ ನೀಡಲಾಗಿತ್ತು. ರೋಗಾಣು ಅದರೊಡನೆ ದೇಹವನ್ನು ಸೇರಿತ್ತು. ದಾನದ ರಕ್ತದಲ್ಲಿ ಈ ರೋಗಾಣು ಇದೆಯೇ ಎಂದು ಪರೀಕ್ಷಿಸುವ ವಿಧಾನ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1985ರಲ್ಲಿ. ಎರಡು ವರ್ಷಗಳ ಅಂತರ ಅವರ ಪ್ರಾಣಕ್ಕೆ ಮುಳುವಾಯಿತು.

ಅಂದಿನ ದಿನಗಳಲ್ಲಿ ಏಡ್ಸ್ ಎಂದರೆ ಮರಣದ ಕರೆಯೇ ಆಗಿತ್ತು. ರೋಗಿಗಳು ದೀರ್ಘಕಾಲ ಬಾಳುವಂತೆ ಮಾಡುವ ಔಷಧಗಳ ಜೋಡಣೆ ಬಳಕೆಗೆ ಬಂದದ್ದು 1996ರ ಸುಮಾರಿಗೆ. ರೋಗಕ್ಕಿಂತಲೂ ಭಯಂಕರವಾದುದು ಜನರ ಅಜ್ಞಾನ. ಮುಟ್ಟಿದರೆ, ಒಟ್ಟಿಗೆ ಕುಳಿತರೆ ರೋಗ ಅಂಟುತ್ತದೆಂಬ ಸುಳ್ಳು ಭೀತಿಯಿಂದ ರೋಗಿಗಳನ್ನು ದೂರವಿಡುತ್ತಿದ್ದರು. ಶಾಲೆಗಳಿಂದ ಮಕ್ಕಳನ್ನು ಹೊರಗಟ್ಟಿದ ಉದಾಹರಣೆಗಳೂ ಇದ್ದವು. ಆಶ್ ದಂಪತಿಗಳಿಗೆ ಪುಟ್ಟ ಮಗಳಿದ್ದಳು. ಅವಳ ಬಾಲ್ಯಕ್ಕೆ ಕುಂದು ಬರಬಾರದೆಂದು ಅವರು ಈ ವಿಷಯವನ್ನು ಆಪ್ತರಲ್ಲಿ ಮಾತ್ರ ಹೇಳಿಕೊಂಡು ಮೂರೂವರೆ ವರ್ಷ ಗೋಪ್ಯವಾಗಿಟ್ಟರು.

1992ರ ಏಪ್ರಿಲಿನಲ್ಲಿ ದಿನಪತ್ರಿಕೆಯೊಂದು ಈ ಸುದ್ದಿಯ ಜಾಡು ಹಿಡಿದು ಅವರನ್ನೇ ವಿಚಾರಿಸಿತು. ಅನ್ಯರ ಬಾಯಿಂದ ಹೊರಬೀಳುವುದಕ್ಕಿಂತ ತಾವೇ ಹೇಳುವುದು ಲೇಸೆಂದು ಏಪ್ರಿಲ್ 8ರಂದು ಆಶ್ ಪತ್ರಿಕಾಗೋಷ್ಠಿ ಕರೆದರು. ರೋಗದ ವಿಷಯವನ್ನು ಸ್ಥಿರ ಧ್ವನಿಯಲ್ಲಿ ತಿಳಿಸಿದ ಅವರಿಗೆ ಮಗಳ ಪ್ರಸ್ತಾಪ ಬಂದೊಡನೆ ಕಂಠ ಬಿಗಿಯಿತು. ಪಕ್ಕದಲ್ಲಿದ್ದ ಪತ್ನಿ ಮುಂದಿನ ಸಾಲುಗಳನ್ನು ಓದಿದರು. ಪ್ರಸಿದ್ಧ ವ್ಯಕ್ತಿಯ ಕಾಯಿಲೆಯನ್ನು ತಿಳಿಯುವ ಹಕ್ಕು ಸಾರ್ವಜನಿಕರಿಗಿದೆಯೇ ಎಂಬ ಪ್ರಶ್ನೆಯನ್ನು ಕುರಿತು ದೇಶದಲ್ಲೆಲ್ಲ ಚರ್ಚೆ ನಡೆಯಿತು. ತಮ್ಮ ಗುಟ್ಟನ್ನು ತಾವು ಬಯಸಿದಾಗ ಹೇಳುವ ಸ್ವಾತಂತ್ರ್ಯವನ್ನು ಕಸಿದುಕೊಂಡಂತಾಯಿತೆಂದು ಆಶ್ ನೊಂದರು. ಆದರೆ ಆ ನೋವಿನಲ್ಲಿಯೇ ಕುಳಿತುಬಿಡಲಿಲ್ಲ.

ಉಳಿದಿದ್ದ ಹತ್ತು ತಿಂಗಳನ್ನು ಅವರು ಬಳಸಿಕೊಂಡ ಬಗೆ ಅದ್ಭುತವಾದುದು. ಏಡ್ಸ್ ನಿವಾರಣೆಗಾಗಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ ಸಂಶೋಧನೆಗೆ ಹಣ ಕೂಡಿಸಿದರು. ಊರೂರು ತಿರುಗಿ, ಶಾಲೆ ಕಾಲೇಜುಗಳಲ್ಲಿ ಮಾತನಾಡಿ, ಜನರ ತಪ್ಪುಕಲ್ಪನೆಗಳನ್ನು ತಿದ್ದಿದರು. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು ವಿಶ್ವಸಂಸ್ಥೆಯಲ್ಲಿ ಭಾಷಣ ಮಾಡಿದರು. ಹೈಟಿ ದೇಶದಿಂದ ಓಡಿಬಂದ ನಿರಾಶ್ರಿತರನ್ನು ಹಿಂದಟ್ಟುವ ನೀತಿಯನ್ನು ವಿರೋಧಿಸಿ ಸೆಪ್ಟೆಂಬರಿನಲ್ಲಿ ಅಧ್ಯಕ್ಷರ ಭವನದ ಮುಂದೆ ಪ್ರತಿಭಟನೆಗೆ ನಿಂತು ಬಂಧಿತರಾದರು. ಕೃಶವಾದ ಆ ದೇಹಕ್ಕೆ ಅದರ ಬೆನ್ನಲ್ಲೇ ಮತ್ತೊಂದು ಲಘು ಹೃದಯಾಘಾತವಾಯಿತು. ಹೊರಲಾರದ ಭಾರ ಏಡ್ಸ್ ತಾನೇ ಎಂದು ಒಬ್ಬರು ಕೇಳಿದಾಗ, ಅಲ್ಲ, ಕಪ್ಪುಬಣ್ಣದವನಾಗಿ ಹುಟ್ಟಿದುದರ ಭಾರವೇ ಅದಕ್ಕಿಂತ ಹೆಚ್ಚಿನದು ಎಂದು ಅವರು ಉತ್ತರಿಸಿದರು. ಜೀವವನ್ನೇ ಕೊಲ್ಲುವ ರೋಗಕ್ಕಿಂತ ಜನಾಂಗದ್ವೇಷ ಹೆಚ್ಚು ನೋಯಿಸುತ್ತದೆಂದು ಅಷ್ಟು ಶಾಂತನಾದ ವ್ಯಕ್ತಿ ಹೇಳಿದನೆಂದರೆ ಆ ನೋವಿನ ಆಳ ಎಷ್ಟಿರಬೇಕು! ಇಷ್ಟಾದರೂ ನನಗೇ ಏಕೆ ಹೀಗಾಯಿತೆಂದು ಅವರು ಗೋಳಾಡಲಿಲ್ಲ. ಕಷ್ಟಗಳಿಗಾಗಿ ಆ ಪ್ರಶ್ನೆ ಕೇಳುವುದಾದರೆ, ಬಾಳಿನಲ್ಲಿ ದೊರೆತ ಸೌಭಾಗ್ಯಗಳಿಗಾಗಿಯೂ ಅದನ್ನೇ ಕೇಳಬೇಕಾಗುತ್ತದೆ ಎಂಬುದು ಅವರ ವಿವೇಕ.

1993ರ ಫೆಬ್ರವರಿ 6ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಆರ್ಥರ್ ಆಶ್ ನ್ಯೂಯಾರ್ಕಿನಲ್ಲಿ ಕೊನೆಯುಸಿರೆಳೆದರು. ಆತ್ಮಕಥನದ ಕೊನೆಯ ಅಧ್ಯಾಯವಾಗಿ ಅವರು ಬರೆದಿಟ್ಟಿದ್ದುದು ಮಗಳಿಗೊಂದು ಪತ್ರ. ಅವರ ಪಾರ್ಥಿವ ಶರೀರವನ್ನು ರಿಚ್‌ಮಂಡಿಗೆ ತಂದು ರಾಜ್ಯಪಾಲರ ಭವನದಲ್ಲಿ ಇರಿಸಿದರು. ಯಾವ ನಗರದ ಅಂಕಣಗಳಿಂದ ಬಾಲಕ ಆರ್ಥರನನ್ನು ಅಟ್ಟಲಾಗಿತ್ತೋ ಅದೇ ನಗರದಲ್ಲಿ ಸಾವಿರಾರು ಜನ, ಬಿಳಿಯರೂ ಕಪ್ಪುಜನರೂ, ಒಂದೇ ಸಾಲಿನಲ್ಲಿ ನಿಂತು ಅಂತಿಮ ನಮನ ಸಲ್ಲಿಸಿದರು. ತಾಯಿಯ ಸಮಾಧಿಯ ಬಳಿಯಲ್ಲಿಯೇ ಮಗನ ಸಮಾಧಿಯಾಯಿತು. ಅದೇ ವರ್ಷ ಅಮೆರಿಕದ ಅಧ್ಯಕ್ಷರು ಮರಣೋತ್ತರವಾಗಿ ಅವರಿಗೆ ಸ್ವಾತಂತ್ರ್ಯ ಪದಕವನ್ನು ನೀಡಿದರು. 1997ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಬೃಹತ್ ಟೆನಿಸ್ ಕ್ರೀಡಾಂಗಣಕ್ಕೆ ಅವರ ಹೆಸರನ್ನಿಟ್ಟರು. ಸುಮಾರು 23,000 ಪ್ರೇಕ್ಷಕರು ಕೂರಬಹುದಾದ ಆ ಅಂಗಳದಲ್ಲಿ ಅಮೆರಿಕನ್ ಓಪನ್ ಅಂತಿಮ ಪಂದ್ಯಗಳು ನಡೆಯುತ್ತವೆ.

ರಿಚ್‌ಮಂಡ್ ನಗರದಲ್ಲಿ ಸ್ಮಾರಕಗಳ ಬೀದಿಯೊಂದಿದೆ. ಗುಲಾಮಗಿರಿಯ ಪಕ್ಷದಲ್ಲಿ ಹೋರಾಡಿದ ಸೇನಾನಿಗಳ ವಿಗ್ರಹಗಳು ಅಲ್ಲಿ ಬಹುಕಾಲ ನಿಂತಿದ್ದವು. 1996ರಲ್ಲಿ ಅದೇ ಬೀದಿಯಲ್ಲಿ ಆಶ್ ಅವರ ವಿಗ್ರಹವನ್ನು ಸ್ಥಾಪಿಸಬೇಕೆಂದಾಗ ದೊಡ್ಡ ವಾಗ್ವಾದವೇ ನಡೆಯಿತು. ಆದರೂ ಅವರ ಜನ್ಮದಿನದಂದು ಅದು ಅನಾವರಣಗೊಂಡಿತು. 2020 ಮತ್ತು 2021ರಲ್ಲಿ ಆ ಸೇನಾನಿಗಳ ವಿಗ್ರಹಗಳನ್ನು ಒಂದೊಂದಾಗಿ ತೆಗೆದುಹಾಕಿದರು. ಆಶ್ ಅವರ ವಿಗ್ರಹ ಉಳಿಯಿತು. ಅದರಲ್ಲಿ ಅವರ ಸುತ್ತ ಮಕ್ಕಳಿದ್ದಾರೆ. ಒಂದು ಕೈಯಲ್ಲಿ ಟೆನಿಸ್ ರ್ಯಾಕೆಟ್ಟು, ಇನ್ನೊಂದು ಕೈಯಲ್ಲಿ ಪುಸ್ತಕಗಳು. ಪುಸ್ತಕಗಳನ್ನು ಹಿಡಿದ ಕೈ ರ್ಯಾಕೆಟ್ಟನ್ನು ಹಿಡಿದ ಕೈಗಿಂತ ಮೇಲಕ್ಕಿದೆ. ಆಟದಿಂದ ಕೀರ್ತಿ ಪಡೆದು, ಆ ಕೀರ್ತಿಯನ್ನು ವಿದ್ಯೆಗೂ ನ್ಯಾಯಕ್ಕೂ ಮುಡಿಪಾಗಿಟ್ಟ ಬಾಳಿಗೆ ಅದಕ್ಕಿಂತ ತಕ್ಕ ರೂಪ ಬೇರೊಂದಿರಲಾರದು.